ರೇಷನ್ ಅಕ್ಕಿ ಬಂತು, ಉದ್ದು ಎಲ್ಲಿ ಹೋಯ್ತು? ಸಬ್ಸಿಡಿ, ಸಿದ್ದಾಪುರದ ಗದ್ದೆ ಮತ್ತು ನಮ್ಮ ಊಟ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಸಬ್ಸಿಡಿ ಅಂದ ಕೂಡ್ಲೇ ನಮ್ಮಲ್ಲಿ ಎರಡು ಪಕ್ಷ ಆಗ್ತದೆ. ‘ರೈತರಿಗೆ ಎಷ್ಟು ಕೊಟ್ರೂ ಕಡಿಮೆಯೇ’ ಅಂತ ಒಂದು, ‘ಬಿಟ್ಟಿ ಕೊಟ್ಟೂ ಕೊಟ್ಟೂ ಹಾಳು ಮಾಡಿದ್ರು’ ಅಂತ ಇನ್ನೊಂದು. ಇವತ್ತು ಎರಡನ್ನೂ ಬದಿಗೆ ಇಡುವ. ಸರಕಾರದ ಹಣ ಯಾವ ಬೆಳೆಯ ಕಡೆಗೆ ಹರಿತದೋ, ಅದರಿಂದ ಸಣ್ಣ ರೈತರ ಮನೆಯ ಊಟದ ಬಟ್ಟಲಲ್ಲಿ ಎಂತ ಬದಲಾಗ್ತದೆ? ಇದೊಂದೇ ಪ್ರಶ್ನೆ.

ಉದಾಹರಣೆಗೆ ಸಿದ್ದಾಪುರವನ್ನೇ ತಗೊಳ್ತೇನೆ. ಉತ್ತರ ಕನ್ನಡದ ಸಿದ್ದಾಪುರ ಅಲ್ಲ, ಕೊಡಗಿನದ್ದೂ ಅಲ್ಲ. ಕುಂದಾಪುರ ತಾಲೂಕಿನ, ಘಟ್ಟದ ಬುಡದ ಸಿದ್ದಾಪುರ. ಇಲ್ಲಿಂದ ಮುಂದೆ ಹೊಸಂಗಡಿ, ಬಾಳೆಬರೆ ಘಾಟಿ. ಆಚೆ ಕಮಲಶಿಲೆ, ಈಚೆ ಶಂಕರನಾರಾಯಣ, ಹಾಲಾಡಿ. ಈ ದಾರಿಯಲ್ಲಿ ಓಡಾಡಿದವರಿಗೆ ಗೊತ್ತಿರ್ತದೆ: ಗದ್ದೆ ಇದ್ದ ಜಾಗದಲ್ಲಿ ಅಡಿಕೆ ಸಸಿ, ಗುಡ್ಡೆ ಮೇಲೆ ರಬ್ಬರ್, ನಡುನಡುವೆ ಹಡಿಲು ಬಿದ್ದ ಗದ್ದೆ.

ಗದ್ದೆ ಅಂದ್ರೆ ಬರೀ ಅಕ್ಕಿ ಅಲ್ಲ

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ಕೊಳ್ಳುವ. ನಮ್ಮ ಕರಾವಳಿಯಲ್ಲಿ ಗದ್ದೆಗೆ ಮೂರು ಕಾಲ: ಮಳೆಗಾಲದ ಕಾರ್ತಿ, ಆಮೇಲೆ ಸುಗ್ಗಿ, ನೀರು ಇದ್ದಲ್ಲಿ ಕೊಳಕೆ. ನೀರು ಕಡಿಮೆ ಇದ್ದ ಕಡೆ ಭತ್ತ ಕೊಯ್ದ ಮೇಲೆ ಮಣ್ಣಲ್ಲಿ ಉಳಿದ ಪಸೆಯಲ್ಲೇ ಉದ್ದು, ಹೆಸರು, ಹುರುಳಿ ಬಿತ್ತುವುದು ಪದ್ಧತಿ. ಮನೆ ಹತ್ತಿರದ ಗದ್ದೆಯಲ್ಲಿ ಬೇಸಗೆಗೆ ಸೌತೆ, ಅಲಸಂಡೆ, ಹರಿವೆ. ಕೊಯ್ಲು ಮುಗಿದ ಮೇಲೆ ಅಂಗಳದ ಬದಿಯಲ್ಲಿ ಹುಲ್ಲಿನ ಕುತ್ರಿ. ಆ ಹುಲ್ಲು ದನಕ್ಕೆ, ದನದ ಹಾಲು ಮನೆಗೆ, ಮಿಕ್ಕಿದ್ದು ಡೈರಿಗೆ, ಗೊಬ್ಬರ ಮತ್ತೆ ಗದ್ದೆಗೆ. ಮೊದಲ ಮಳೆಗೆ ಗದ್ದೆಗೆ ಹತ್ತುವ ಮೀನನ್ನೂ ಲೆಕ್ಕಕ್ಕೆ ಸೇರಿಸಿ.

ಅಂದ್ರೆ ಒಂದು ಗದ್ದೆಯಿಂದ ಅಕ್ಕಿ, ಬೇಳೆ, ಸೊಪ್ಪು, ಹಾಲು ಎಲ್ಲ ಬರ್ತಿತ್ತು. ಸರಕಾರದ ಕಡತದಲ್ಲಿ ಮಾತ್ರ ಅದು ‘ಭತ್ತ’ ಅಂತ ಒಂದೇ ಶಬ್ದ.

50 ಸೆಂಟ್ಸ್‌ನ ಲೆಕ್ಕ

ಈಗ ಪುಸ್ತಕ ತೆಗೀರಿ. ಐದು ಜನರ ಮನೆ, 50 ಸೆಂಟ್ಸ್ ಗದ್ದೆ ಅಂತ ಇಟ್ಕೊಳ್ಳುವ. ಇದು ಯಾರ ಮನೆಯದ್ದೂ ಅಲ್ಲ, ಅರ್ಥ ಆಗ್ಲಿಕ್ಕೆ ಮಾಡಿದ ಲೆಕ್ಕ.

ಎಕರೆಗೆ 18 ಕ್ವಿಂಟಾಲ್ ಅಂತ ಹಿಡಿದ್ರೆ ಅರ್ಧ ಎಕರೆಗೆ 9 ಕ್ವಿಂಟಾಲ್ ಭತ್ತ. ಕುಚ್ಚಲು ಮಾಡಿಸಿದ್ರೆ ನೂರು ಕೆ.ಜಿ. ಭತ್ತಕ್ಕೆ 68 ಕೆ.ಜಿ. ಅಕ್ಕಿ ಅನ್ನುವುದು ಸರಕಾರದ ಲೆಕ್ಕ. ಅಲ್ಲಿಗೆ ವರ್ಷಕ್ಕೆ 612 ಕೆ.ಜಿ. ಅಕ್ಕಿ. ತಲೆಗೆ ದಿನಕ್ಕೆ ಸುಮಾರು 335 ಗ್ರಾಂ. ಒಂದು ಮನೆಯ ಊಟಕ್ಕೆ ಹೆಚ್ಚುಕಮ್ಮಿ ಸಾಕು.

ಇನ್ನೊಂದು ಬದಿ ನೋಡಿ. ಅನ್ನಭಾಗ್ಯ ಶುರುವಾದದ್ದು 2013ರ ಜುಲೈಯಲ್ಲಿ. 2023ರ ಜುಲೈಯಿಂದ ತಲೆಗೆ 10 ಕೆ.ಜಿ. ಅನ್ನುವ ಭರವಸೆ. ಮೊದಲು 5 ಕೆ.ಜಿ. ಅಕ್ಕಿ, ಉಳಿದ 5 ಕೆ.ಜಿ.ಗೆ ಕಿಲೋಗೆ 34 ರೂಪಾಯಿಯಂತೆ 170 ರೂಪಾಯಿ ಅಕೌಂಟಿಗೆ. 2025ರಲ್ಲಿ ಹಣದ ಬದಲು ಅಕ್ಕಿಯೇ. ಐದು ಜನ, ತಲೆಗೆ 10 ಕೆ.ಜಿ., ಹನ್ನೆರಡು ತಿಂಗಳು. ಎಷ್ಟಾಯ್ತು? 600 ಕೆ.ಜಿ.

ಗದ್ದೆಯಿಂದ 612, ರೇಷನ್ ಅಂಗಡಿಯಿಂದ 600. ಮಳೆ, ಹಂದಿ, ಆಳು, ಟಿಲ್ಲರ್ ಬಾಡಿಗೆ ಎಲ್ಲ ಎದುರಿಸಿ ಬೆಳೆಯುವ ಅಕ್ಕಿಯಷ್ಟೇ ಅಕ್ಕಿ, ಹೆಬ್ಬೆಟ್ಟು ಒತ್ತಿದ್ರೆ ಪುಕ್ಕಟೆ ಸಿಗ್ತದೆ. ಹಾಗಿರುವಾಗ ‘ಈ ಗದ್ದೆ ಎಂತಕ್ಕೆ ಮಾಡುದು ಮಾರ್ರೆ’ ಅಂತ ಒಬ್ಬರು ಕೇಳಿದ್ರೆ ಅವರನ್ನು ಸೋಮಾರಿ ಅನ್ನಬೇಡಿ. ಅವರ ಲೆಕ್ಕ ಸರಿಯೇ ಇದೆ.

ಆದ್ರೆ ಆ ಲೆಕ್ಕದಲ್ಲಿ ಕೆಲವು ಸಾಲು ಬಿಟ್ಟುಹೋಗಿದೆ. ಅದೇ 50 ಸೆಂಟ್ಸಲ್ಲಿ ಭತ್ತದ ಮೇಲೆ ಉದ್ದು ಬಿತ್ತಿ ಒಂದು ಕ್ವಿಂಟಾಲ್ ಬಂತು ಅನ್ನಿ. ಸಿಪ್ಪೆ ಸಮೇತ ತಲೆಗೆ ದಿನಕ್ಕೆ 55 ಗ್ರಾಂ ಹತ್ತಿರ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 85 ಗ್ರಾಂ ಬೇಳೆಕಾಳು ಅಂತ ಇದೆ. ಅಂದ್ರೆ ಬೇಕಾದ್ದರಲ್ಲಿ ಮೂರನೇ ಎರಡು ಪಾಲಿನಷ್ಟು ಈ ಎರಡನೇ ಬೆಳೆಯಿಂದಲೇ ಸಿಗ್ತಿತ್ತು.

ಗದ್ದೆ ಬಿಟ್ಟಾಗ ಹೋದ ಅಕ್ಕಿಯ ಜಾಗಕ್ಕೆ ರೇಷನ್ ಅಕ್ಕಿ ಬಂತು. ಉದ್ದಿನ ಜಾಗಕ್ಕೆ? ಹುಲ್ಲಿನ ಜಾಗಕ್ಕೆ? ಸೌತೆ, ಅಲಸಂಡೆ ಜಾಗಕ್ಕೆ? ಅಲ್ಲಿ ಎಂತದೂ ಬರಲಿಲ್ಲ. ಇನ್ನು ಮುಂದೆ ಹೇಳುವುದೆಲ್ಲ ಈ ಖಾಲಿ ಸಾಲುಗಳ ಬಗ್ಗೆ.

ಹಣ ಯಾವ ಕಡೆ ಹರಿತದೆ?

ಗದ್ದೆ ಬಿಟ್ಟವರು ಹೆಚ್ಚಾಗಿ ಹೋದದ್ದು ಅಡಿಕೆಗೆ. ಸರಕಾರ ಯಾರಿಗೂ ‘ಅಡಿಕೆ ನೆಡಿ’ ಅಂತ ಹೇಳಲಿಲ್ಲ. ಆದ್ರೆ ಒಂದೊಂದೇ ಯೋಜನೆ ತೆಗೆದು ಕಾಣಿ.

ಒಂದು, ಕರೆಂಟು. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. ಭತ್ತಕ್ಕೂ ಅದೇ ನಿಯಮ, ಅಡಿಕೆಗೂ ಅದೇ. ಆದ್ರೆ ಕಾರ್ತಿ ಭತ್ತ ಬೆಳೆಯುವುದು ಮಳೆ ನೀರಲ್ಲಿ. ಡಿಸೆಂಬರಿಂದ ಮೇವರೆಗೆ ಪಂಪ್ ಓಡಬೇಕಾದದ್ದು ತೋಟಕ್ಕೆ. ನಿಯಮ ಸಮ, ಲಾಭ ಸಮ ಅಲ್ಲ.

ಎರಡು, ಹನಿ ನೀರಾವರಿ. ರಾಜ್ಯದಲ್ಲಿ 2 ಹೆಕ್ಟೇರ್‌ವರೆಗೆ ಶೇ. 90 ಸಹಾಯಧನ ಸಿಗುವ ಯೋಜನೆ ಇದು. ನೀರು ಉಳಿತದೆ, ಒಳ್ಳೆಯದೇ. ಆದ್ರೆ ನಮ್ಮ ಬೈಲು ಗದ್ದೆಗೆ ಡ್ರಿಪ್ ಪೈಪ್ ಹಾಕುವವರು ಯಾರಿದ್ದಾರೆ? ಅದೂ ತೋಟಕ್ಕೇ.

ಮೂರು, ಕೂಲಿ. ಇದು ಎಲ್ಲಕ್ಕಿಂತ ದೊಡ್ಡದು. ನರೇಗಾದಲ್ಲಿ ಸಣ್ಣ ರೈತರು ಸ್ವಂತ ಜಾಗದಲ್ಲಿ ತೆಂಗು, ಗೇರು, ಅಡಿಕೆ ನೆಟ್ಟು ಕೂಲಿ ಹಣ ಪಡೆಯುವ ಅವಕಾಶ ಇತ್ತು. ಗುಂಡಿ ಅಳೆಯಬಹುದು, ಸಸಿ ಎಣಿಸಬಹುದು, ಫೋಟೋ ತೆಗೆದು ಅಪ್‌ಲೋಡ್ ಮಾಡಬಹುದು. ಅದೇ ಕಾಯ್ದೆಯ ಅನುಸೂಚಿಯಲ್ಲಿ, ಅಳತೆಗೆ ಸಿಗದ, ಮತ್ತೆ ಮತ್ತೆ ಮಾಡಬೇಕಾದ ಕೃಷಿ ಕೆಲಸ ತಗೊಳ್ಳಬಾರದು ಅಂತ ಬರೆದಿತ್ತು. ಉಳುಮೆ, ನೇಜಿ ನೆಡುವುದು, ಕಳೆ, ಕೊಯ್ಲು ಎಲ್ಲ ಇದರಲ್ಲಿ ಬಂತು. ಭತ್ತಕ್ಕೆ ಅತಿ ಹೆಚ್ಚು ಖರ್ಚು ಬೀಳುವುದೇ ಆಳಿಗೆ, ಸರಿಯಾಗಿ ಅಲ್ಲೇ ಬಾಗಿಲು ಹಾಕಿತ್ತು. ಕಡತಕ್ಕೆ ಅನುಕೂಲ ಆದದ್ದು ಒಂದು ಸಲ ನೆಟ್ಟರೆ ನಿಲ್ಲುವ ಮರ.

ನಾಲ್ಕು, ವಿಮೆ. ಉಡುಪಿ ಜಿಲ್ಲೆಯಲ್ಲಿ ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ವಿಮೆ ಇದೆ. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ರೈತರ ಪಾಲು ಶೇ. 5, ಅಂದ್ರೆ 6,400 ರೂಪಾಯಿ. ಮಳೆ, ಉಷ್ಣಾಂಶದ ಅಂಕಿ ನೋಡಿ ಪರಿಹಾರ ನಿರ್ಧಾರ ಆಗ್ತದೆ. ಮುಂಗಾರು ಭತ್ತಕ್ಕೆ ರೈತರು ಕಟ್ಟುವ ಪ್ರೀಮಿಯಂ ಶೇ. 2 ಮಾತ್ರ, ಅಗ್ಗ ಹೌದು. ಆದ್ರೆ ಅಲ್ಲಿ ಲೆಕ್ಕಕ್ಕೆ ಬರುವುದು ಆ ಪ್ರದೇಶದ ಸರಾಸರಿ ಇಳುವರಿ. ನಿಮ್ಮೊಬ್ಬರ ಗದ್ದೆಯನ್ನು ರಾತ್ರಿ ಹಂದಿ ತುಳಿದು ಹೋದ್ರೆ ಸರಾಸರಿಗೆ ಅದು ಗೊತ್ತೇ ಆಗುದಿಲ್ಲ.

ಹಾಗಂತ ಭತ್ತಕ್ಕೆ ಎಂತದೂ ಇಲ್ಲ ಅಂತಲ್ಲ. 45 ಕೆ.ಜಿ. ಯೂರಿಯಾ ಚೀಲ 266 ರೂಪಾಯಿ 50 ಪೈಸೆಗೆ ಸಿಗುವುದು ಸಬ್ಸಿಡಿಯಿಂದಲೇ. ರೈತ ಸಂಪರ್ಕ ಕೇಂದ್ರದಲ್ಲಿ ಎಂ.ಒ.4 ಬೀಜ ರಿಯಾಯಿತಿಯಲ್ಲಿ ಸಿಗ್ತದೆ. 2019–20ರ ರಾಜ್ಯ ಬಜೆಟ್ಟಲ್ಲಿ ಕರಾವಳಿ, ಮಲೆನಾಡಿನ ಭತ್ತ ಬೆಳೆಗಾರರಿಗೆ ಹೆಕ್ಟೇರಿಗೆ 7,500 ರೂಪಾಯಿ ಪ್ರೋತ್ಸಾಹಧನ ಅಂತ ಘೋಷಣೆಯೂ ಆಗಿತ್ತು. ಹೆಕ್ಟೇರ್ ಲೆಕ್ಕದಲ್ಲಿ ದೊಡ್ಡದು ಕಾಣ್ತದೆ. ನಮ್ಮ 50 ಸೆಂಟ್ಸ್ ಮನೆಗೆ ಅದು ಸುಮಾರು 1,500 ರೂಪಾಯಿ. ಎರಡು-ಮೂರು ಆಳಿನ ಒಂದು ದಿನದ ಸಂಬಳ.

ಕಣ್ಣಿಗೆ ಕಾಣದ ಸಬ್ಸಿಡಿ

ಅಕೌಂಟಿಗೆ ಬಿದ್ದದ್ದು ಮಾತ್ರ ಸಬ್ಸಿಡಿ ಅಲ್ಲ. ಬಂದರಲ್ಲಿ ಮಾಡುವ ನಿಯಮವೂ ಒಂದು ರೀತಿಯ ಸಬ್ಸಿಡಿಯೇ.

ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಅದಕ್ಕಿಂತ ಅಗ್ಗದ ಅಡಿಕೆ ಹೊರದೇಶದಿಂದ ಸಲೀಸಾಗಿ ಬರುವಂತಿಲ್ಲ. ಅಂದ್ರೆ ನಮ್ಮ ಅಡಿಕೆ ಬೆಲೆಗೆ ಕೆಳಗಿನಿಂದ ಒಂದು ಆಧಾರ ಕೊಟ್ಟ ಹಾಗೆ.

ಅದೇ ವರ್ಷ ಅಕ್ಕಿಗೆ ಎಂತ ಆಯ್ತು ಕಾಣಿ. ಜುಲೈಯಲ್ಲಿ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧ, ಆಗಸ್ಟಲ್ಲಿ ಕುಚ್ಚಲಕ್ಕಿ ರಫ್ತಿಗೆ ಶೇ. 20 ಸುಂಕ. ತಿನ್ನುವವರಿಗೆ ಬೆಲೆ ಏರಬಾರದು ಅನ್ನುವ ಕಾರಣಕ್ಕೆ ಮಾಡಿದ್ದು, 2024ರಲ್ಲಿ ತೆಗೆದರು. ಉದ್ದಿಗೆ? 2021ರ ಮೇಯಲ್ಲಿ ಆಮದು ಮುಕ್ತ ಮಾಡಿದರು, ಆಮೇಲೆ ಅವಧಿ ವಿಸ್ತರಿಸ್ತಾ ಬಂದರು. ಮ್ಯಾನ್ಮಾರ್‌ನ ಉದ್ದು ಬರ್ತಾ ಇದೆ.

ಅಡಿಕೆ ಬೆಲೆ ಬಿದ್ದಾಗ ಸರಕಾರ ಕೆಳಗಿಂದ ಎತ್ತಿ ಹಿಡಿತದೆ. ಅಕ್ಕಿ, ಬೇಳೆ ಬೆಲೆ ಎದ್ದಾಗ ಮೇಲಿಂದ ಒತ್ತಿ ಹಿಡಿತದೆ. ಎರಡಕ್ಕೂ ಕಾರಣ ಇದೆ. ಆದ್ರೆ 50 ಸೆಂಟ್ಸ್ ಇಟ್ಕೊಂಡು ಎಂತ ಬೆಳೆಯುದು ಅಂತ ಯೋಚಿಸುವವರಿಗೆ ಕಾಣುವುದು ಒಂದೇ ದಾರಿ.

ಬೆಂಬಲ ಬೆಲೆ ಉಂಟಲ್ಲ ಅಂತ ಕೇಳ್ತೀರಿ. 2025–26ಕ್ಕೆ ಸಾಮಾನ್ಯ ಭತ್ತಕ್ಕೆ ಕ್ವಿಂಟಾಲಿಗೆ 2,369 ರೂಪಾಯಿ, ಉದ್ದಿಗೆ 7,800. ನಮ್ಮ 9 ಕ್ವಿಂಟಾಲಿಗೆ 21,321 ರೂಪಾಯಿ ಆಗ್ತದೆ. ಆದ್ರೆ ನಮ್ಮಲ್ಲಿ ಕೊಯ್ಲು ಅಕ್ಟೋಬರ್, ನವೆಂಬರಲ್ಲಿ, ಕೆಲವೊಮ್ಮೆ ಮಳೆ ನಡುವೆಯೇ. ಖರೀದಿ ಕೇಂದ್ರಕ್ಕೆ ಶೇ. 17ಕ್ಕಿಂತ ಹೆಚ್ಚು ತೇವಾಂಶದ ಭತ್ತ ಆಗುದಿಲ್ಲ. ಒಣಗಿಸ್ಲಿಕ್ಕೆ ಜಾಗ ಇಲ್ಲ, ಇಟ್ಕೊಳ್ಳಿಕ್ಕೆ ಕೋಣೆ ಇಲ್ಲ. ಕೊಯ್ಲು ಯಂತ್ರದಿಂದ ಇಳಿದ ಹಸಿ ಭತ್ತ ಸೀದಾ ಮಿಲ್ಲಿಗೆ ಹೋಗ್ತದೆ, ಮಿಲ್ಲಿನವರು ಹೇಳಿದ್ದೇ ಬೆಲೆ. ರೇಷನ್ನಲ್ಲಿ ಸ್ಥಳೀಯ ಕುಚ್ಚಲಕ್ಕಿ ಕೊಡ್ಬೇಕು ಅಂತ 2022ರಲ್ಲಿ ರಾಜ್ಯ ಸರಕಾರ ಬೆಂಬಲ ಬೆಲೆ 2,040ರ ಮೇಲೆ ಇನ್ನೂ 500 ರೂಪಾಯಿ ಘೋಷಿಸಿತ್ತು. ಆಲೋಚನೆ ಒಳ್ಳೆಯದೇ. ಆದ್ರೆ ಬೆಲೆ ಎಷ್ಟು ಅನ್ನುವುದರ ಜೊತೆಗೆ ಕೇಂದ್ರ ಯಾವಾಗ ತೆರಿತದೆ ಅನ್ನುವುದೂ ಮುಖ್ಯ.

ಅಡಿಕೆ ದುಡ್ಡಲ್ಲಿ ಬೇಳೆ ತಗೊಂಡ್ರೆ ಆಗುದಿಲ್ವಾ?

ಇದು ನ್ಯಾಯವಾದ ಪ್ರಶ್ನೆ. ಅರ್ಧ ಎಕರೆಗೆ ಸುಮಾರು 270 ಅಡಿಕೆ ಮರ. ಫಸಲು ಬರುವ ಮರಕ್ಕೆ ಒಂದೂವರೆ ಕೆ.ಜಿ. ಚಾಲಿ, ಕಿಲೋಗೆ 400 ರೂಪಾಯಿ ಅಂತ ಹಿಡಿದ್ರೆ ಒಂದೂವರೆ ಲಕ್ಷ ದಾಟ್ತದೆ. ಭತ್ತ, ಉದ್ದು ಎರಡೂ ಸೇರಿ ಬೆಂಬಲ ಬೆಲೆಯಲ್ಲೂ 30,000 ಮುಟ್ಟುದಿಲ್ಲ. ಮಕ್ಕಳ ಕಾಲೇಜ್ ಫೀಸು, ಮನೆ ಸಾಲ, ಆಸ್ಪತ್ರೆ, ಇದಕ್ಕೆಲ್ಲ ಅಡಿಕೆ ದುಡ್ಡೇ ಬೇಕು. ಕರಾವಳಿಯ ಎಷ್ಟೋ ಮನೆಯ ಮಕ್ಕಳು ಓದಿದ್ದು ಅಡಿಕೆಯಿಂದ. ಅದನ್ನು ಹಗುರ ಮಾಡಿ ಮಾತಾಡುವ ಹಕ್ಕು ಯಾರಿಗೂ ಇಲ್ಲ.

ಆದ್ರೆ ಮೂರು ವಿಷಯ ಗಮನಿಸಿ.

ಮೊದಲನೇದು, ಸಮಯ. ಸಸಿ ನೆಟ್ಟು ಫಸಲು ಬರ್ಲಿಕ್ಕೆ ಐದಾರು ವರ್ಷ. ಆ ವರ್ಷಗಳಲ್ಲಿ ಗದ್ದೆಯೂ ಇಲ್ಲ, ಅಡಿಕೆ ದುಡ್ಡೂ ಇಲ್ಲ. ದೊಡ್ಡ ತೋಟ ಇದ್ದವರಿಗೆ ಹಳೆ ಮರದ ಆದಾಯ ಇರ್ತದೆ. 50 ಸೆಂಟ್ಸ್‌ನವರು ಅಷ್ಟು ಸಮಯ ಕೂಲಿ ದುಡ್ಡಲ್ಲೇ ಬೇಳೆ, ತರಕಾರಿ ತರಬೇಕು. ತರುವಾಗ ಮೊದಲು ಕಡಿಮೆ ಮಾಡುವುದೂ ಅದನ್ನೇ.

ಎರಡನೇದು, ಕೈ. ಡಬ್ಬದಲ್ಲಿ ಉದ್ದು ಇದ್ರೆ ಅಡುಗೆ ಮಾಡುವವರು ಯಾರನ್ನೂ ಕೇಳದೆ ದೋಸೆಗೆ ನೆನೆ ಹಾಕ್ತಾರೆ. ಅಡಿಕೆ ದುಡ್ಡು ಬರುವುದು ವರ್ಷಕ್ಕೆ ಒಂದೆರಡು ಸಲ, ಪಹಣಿ ಯಾರ ಹೆಸರಲ್ಲಿ ಇದೆಯೋ ಹೆಚ್ಚಾಗಿ ಅವರ ಅಕೌಂಟಿಗೆ. ಸಬ್ಸಿಡಿಗೆ ಬೇಕಾದ ಫ್ರೂಟ್ಸ್ ಐಡಿಯೂ ಪಹಣಿ ಮೇಲೆಯೇ ನಿಂತಿದೆ. ನೇಜಿ ನೆಟ್ಟ, ದನ ಸಾಕಿದ, ಸೊಪ್ಪು ಕೊಯ್ದ ಅಮ್ಮ, ಅಜ್ಜಿಯ ಹೆಸರು ಎಷ್ಟು ಪಹಣಿಯಲ್ಲಿದೆ? ನಿಮ್ಮ ಮನೆಯದ್ದೇ ತೆಗೆದು ಕಾಣಿ.

ಮೂರನೇದು, ಅಪಾಯ. ಕೊಳೆರೋಗ, ಹಳದಿ ಎಲೆ ರೋಗ, ಎಲೆಚುಕ್ಕಿ ರೋಗ, ಎಲ್ಲದಕ್ಕೂ ಒಂದೇ ಬೆಳೆ ಬಲಿ. ಇದರ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಪಟ್ಟಿಗೆ ಸೇರಿಸಿದೆ. ಆ ಚರ್ಚೆ ಇನ್ನೊಂದು ದಿನಕ್ಕೆ ಇರಲಿ. ಆದ್ರೆ ಬೆಲೆ ಬಿದ್ದ ವರ್ಷ ಅಡಿಕೆಯನ್ನು ಬೇಯಿಸಿ ಉಣ್ಣಲಿಕ್ಕೆ ಆಗುದಿಲ್ಲ.

ಬಟ್ಟಲಲ್ಲಿ ಕಾಣುವುದು

ಅನ್ನಭಾಗ್ಯ ತಪ್ಪು ಅಂತ ನಾನು ಹೇಳ್ತಾ ಇಲ್ಲ. ಜಾಗವೇ ಇಲ್ಲದ ಮನೆಗಳಿಗೆ, ಗದ್ದೆ ಕೆಲಸದ ಕೂಲಿಯನ್ನೇ ನಂಬಿದ್ದವರಿಗೆ ಆ ಅಕ್ಕಿಯೇ ಆಧಾರ. ಗದ್ದೆ ಹಡಿಲು ಬಿದ್ದಾಗ ಮೊದಲು ಕೆಲಸ ಕಳ್ಕೊಂಡದ್ದೂ ಅವರೇ.

ಮಾತು ಇಷ್ಟೇ, ಹೊಟ್ಟೆ ತುಂಬುದು ಬೇರೆ, ಮೈಗೆ ಹತ್ತುದು ಬೇರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಇದು ಇಡೀ ರಾಜ್ಯದ ಅಂಕಿ, ಇದಕ್ಕೆ ಅಡಿಕೆ ಕಾರಣ ಅಂತ ಹೇಳಲಿಕ್ಕೆ ಬರುದಿಲ್ಲ. ಆದ್ರೆ ಅಕ್ಕಿ ಸಿಕ್ಕ ಮಾತ್ರಕ್ಕೆ ಊಟ ಪೂರ್ತಿ ಆಗಲಿಲ್ಲ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆಗಲೇ ಹೇಳಿದ ಮಾರ್ಗಸೂಚಿಯ ಪ್ರಕಾರ ನಮ್ಮ ಶಕ್ತಿಯಲ್ಲಿ ಧಾನ್ಯದ ಪಾಲು ಶೇ. 45 ದಾಟಬಾರದು. ಉಳಿದದ್ದು ಬೇಳೆ, ತರಕಾರಿ, ಹಾಲು, ಮೊಟ್ಟೆ, ಮೀನಿಂದ ಬರಬೇಕು.

ಸರಕಾರಕ್ಕೂ ಇದು ಗೊತ್ತಾಗಿದೆ. ಶಾಲೆಯಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು ಇದೆ, ಈಗ ಮೊಟ್ಟೆಯೂ ಇದೆ. 2025ರ ಅಕ್ಟೋಬರಲ್ಲಿ ರಾಜ್ಯ ಸಂಪುಟ ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಕಿಟ್ ಕೊಡುವ ತೀರ್ಮಾನ ಮಾಡಿತು. ಬೇಳೆ ಸೇರಿದ್ದು ಒಳ್ಳೆಯ ಹೆಜ್ಜೆ. ಆದ್ರೆ ತೊಗರಿ ನಮ್ಮ ಊರಿನ ಬೆಳೆ ಅಲ್ಲ. ನಮ್ಮ ಗದ್ದೆಯ ಉದ್ದಿಗೆ ಇದರಿಂದ ಗಿರಾಕಿ ಸಿಗುದಿಲ್ಲ.

ಒಂದು ಗದ್ದೆ ಹೋದ್ರೆ ಬೈಲೇ ಹೋಗ್ತದೆ

ಇನ್ನೊಂದು ಮಾತು, ಬೈಲಲ್ಲಿ ಗದ್ದೆ ಇದ್ದವರಿಗೆ ಕೂಡ್ಲೇ ಅರ್ಥ ಆಗ್ತದೆ. ಬೈಲಲ್ಲಿ ಒಂದು ಗದ್ದೆಯ ನೀರು ಇನ್ನೊಂದಕ್ಕೆ ಹರಿತದೆ. ನಡುವಿನವರು ಮಣ್ಣು ತುಂಬಿಸಿ ತೋಟ ಮಾಡಿದ್ರೆ ನೀರಿನ ದಾರಿ ಬದಲಾಗ್ತದೆ, ಕೊಯ್ಲು ಯಂತ್ರ ಹೋಗುವ ದಾರಿ ಮುಚ್ತದೆ, ನೆರಳು ಬೀಳ್ತದೆ, ಉಳಿದ ಒಂದೇ ಗದ್ದೆಗೆ ನವಿಲು, ಮಂಗ, ಹಂದಿ ಎಲ್ಲ ಇಳಿತವೆ. ಕಡೆಗೆ ಭತ್ತ ಮಾಡ್ಬೇಕು ಅಂತ ಮನಸ್ಸಿದ್ದವರೂ ಬಿಡ್ತಾರೆ. ವಾರಾಹಿ ನೀರಾವರಿ ಯೋಜನೆ 1979ರಲ್ಲಿ 9.43 ಕೋಟಿ ರೂಪಾಯಿ ಅಂದಾಜಲ್ಲಿ ಹುಟ್ಟಿತು, ಕಾಲುವೆಗೆ ನೀರು ಬರ್ಲಿಕ್ಕೆ ಮೂರು ದಶಕಕ್ಕೂ ಹೆಚ್ಚು ಹಿಡಿಯಿತು. ಅಷ್ಟು ಕಾದು ಬಂದ ನೀರು ಹರಿಯುವಾಗ ಬೈಲಲ್ಲಿ ಗದ್ದೆ ಎಷ್ಟು ಉಳಿದಿರ್ತದೆ?

ಪಕ್ಕದ ಕೇರಳ ಬೇರೆ ದಾರಿ ಹಿಡಿದಿದೆ. 2008ರಲ್ಲಿ ಗದ್ದೆ ತುಂಬಿಸುವುದನ್ನು ತಡೆಯುವ ಕಾಯ್ದೆ ತಂದಿತು. 2020ರಿಂದ ಗದ್ದೆ ಉಳಿಸಿಕೊಂಡವರಿಗೆ ರಾಯಲ್ಟಿ ಅಂತ ವರ್ಷಕ್ಕೆ ಹೆಕ್ಟೇರಿಗೆ 2,000 ರೂಪಾಯಿ, ಮರುವರ್ಷದಿಂದ 3,000. ಮೊತ್ತ ಸಣ್ಣದು. ಆದ್ರೆ ಗದ್ದೆ ನೀರು ಇಂಗಿಸ್ತದೆ, ಅದಕ್ಕೂ ಬೆಲೆ ಉಂಟು ಅಂತ ಒಪ್ಪಿದ ಹಾಗಾಯ್ತು. ನಮ್ಮ ಜಿಲ್ಲೆಯಲ್ಲೂ 2021ರಲ್ಲಿ ಉಡುಪಿ ಭಾಗದಲ್ಲಿ ಹಡಿಲು ಭೂಮಿ ಆಂದೋಲನ ನಡೆದು, ಕೇದಾರೋತ್ಥಾನ ಟ್ರಸ್ಟ್ ಮೂಲಕ ‘ಉಡುಪಿ ಕೇದಾರ’ ಹೆಸರಲ್ಲಿ ಕಜೆ ಅಕ್ಕಿ ಮಾರಾಟಕ್ಕೆ ಬಂತು. ಜನ ಸೇರಿದ್ರೆ ಬೈಲು ಮತ್ತೆ ಹಸಿರಾಗ್ತದೆ ಅಂತ ಅದು ತೋರಿಸಿತು. ವರ್ಷ ವರ್ಷ ಮುಂದುವರಿಯಬೇಕಾದ್ರೆ ಲೆಕ್ಕವೂ ಕೂಡಿ ಬರಬೇಕು.

ಹಾಗಾದ್ರೆ ಎಂತ ಮಾಡುದು?

ಮನೆ ಮಟ್ಟದಲ್ಲಿ: ಇರುವ ಜಾಗ ಪೂರ್ತಿ ತೋಟ ಮಾಡುವ ಮೊದಲು 10–15 ಸೆಂಟ್ಸ್ ಊಟಕ್ಕೆ ಅಂತ ಬಿಡಿ. ಅಡಿಕೆ ಸಸಿ ಸಣ್ಣದಿರುವ ಮೊದಲ ಮೂರು ವರ್ಷ ನಡುವೆ ಬಿಸಿಲು ಬೀಳ್ತದೆ. ಬಾಳೆ ಜೊತೆಗೆ ಅಲಸಂಡೆ, ಹರಿವೆ, ಬಸಳೆಗೂ ಅಲ್ಲಿ ಜಾಗ ಆಗ್ತದೆ. ಬಿತ್ತನೆ ಬೀಜಕ್ಕೆ ಸಾಮಾನ್ಯ ವರ್ಗದವರಿಗೆ ಶೇ. 50, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 75ರವರೆಗೆ ರಿಯಾಯಿತಿ ಉಂಟು. ರೈತ ಸಂಪರ್ಕ ಕೇಂದ್ರದಲ್ಲಿ ಭತ್ತದ ಬೀಜ ತರುವಾಗಲೇ ಉದ್ದಿನ ಬೀಜ ಯಾವಾಗ ಬರ್ತದೆ ಅಂತ ಕೇಳಿ ಇಡಿ.

ಗ್ರಾಮಸಭೆಯಲ್ಲಿ: ಮೂರು ಪ್ರಶ್ನೆ ಕೇಳಿ. ಭತ್ತದ ಖರೀದಿ ಕೇಂದ್ರ ಕೊಯ್ಲಿಗೆ ಮೊದಲೇ ಯಾಕೆ ತೆರೆಯುದಿಲ್ಲ? ಭತ್ತ ಒಣಗಿಸ್ಲಿಕ್ಕೆ ಊರಿಗೊಂದು ವ್ಯವಸ್ಥೆ ಯಾಕಿಲ್ಲ? ನಮ್ಮ ಉದ್ದು, ಹೆಸರು, ಕುಚ್ಚಲಕ್ಕಿ ನಮ್ಮ ಶಾಲೆ, ಅಂಗನವಾಡಿ ಅಡುಗೆಗೆ ಯಾಕೆ ಹೋಗುದಿಲ್ಲ?

ನೀತಿ ಮಟ್ಟದಲ್ಲಿ: ಸಬ್ಸಿಡಿಯನ್ನು ‘ಒಂದು ಬೆಳೆ’ಗೆ ಕೊಡುವ ಬದಲು ‘ಒಂದು ಗದ್ದೆಯ ವರ್ಷ’ಕ್ಕೆ ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ. ಭತ್ತ ಮಾಡಿ, ಅದರ ಮೇಲೆ ಕಾಳು ಬಿತ್ತಿದವರಿಗೆ ಹೆಚ್ಚು ಪ್ರೋತ್ಸಾಹಧನ ಸಿಗಲಿ. ಆಗ ರೇಷನ್ನಲ್ಲಿ ಸಿಗದ ಸಾಲುಗಳಿಗೂ ಹಣ ಹರಿತದೆ.

ಇವತ್ತು ಮನೆಗೆ ಹೋದ ಮೇಲೆ ಒಂದು ಸಣ್ಣ ಕೆಲಸ ಮಾಡಿ. ಅಡುಗೆ ಕೋಣೆಯ ಡಬ್ಬಗಳನ್ನು ತೆಗೆದು ಕಾಣಿ. ಯಾವುದು ರೇಷನ್, ಯಾವುದು ಅಂಗಡಿ, ಯಾವುದು ನಮ್ಮ ಜಾಗದ್ದು ಅಂತ ಒಂದು ಪಟ್ಟಿ ಬರೀರಿ. ಹತ್ತು ವರ್ಷದ ಹಿಂದೆ ಹೇಗಿತ್ತು ಅಂತ ಅಜ್ಜಿ ಹತ್ರ ಕೇಳಿ, ಪಕ್ಕದಲ್ಲೇ ಅದನ್ನೂ ಬರೀರಿ. ಎರಡು ಪಟ್ಟಿಯ ನಡುವಿನ ವ್ಯತ್ಯಾಸ ನಮಗೆ ಕಳಿಸಿ. ಬಂದದ್ದನ್ನೆಲ್ಲ ಸೇರಿಸಿ ಮುಂದಿನ ಸಂಚಿಕೆಯಲ್ಲಿ ಮಾತಾಡುವ.